ಬೆಟ್ಟದ ಮೇಲಿನ ಬಿಳಿಯ ಕಣಜ

ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ ಲೆಬನಾನ್ ಎಂಬ ಪುಟ್ಟ ದೇಶವಿದೆ. ಅದರ ರಾಜಧಾನಿ ಬೈರೂತ್ ಕಡಲಂಚಿನ ನಗರ. ಅದರ ಮುಂದೆ ನೀಲಿಯ ಸಾಗರ. ಬೆನ್ನಿಗೆ ಗೋಡೆಯಂತೆ ನಿಂತ ಲೆಬನಾನ್ ಪರ್ವತಶ್ರೇಣಿ. ಬೇಸಗೆಯಲ್ಲಿ ಈ ಶಿಖರಗಳು ಬೂದುಬಣ್ಣದ ಬರಿಯ ಬಂಡೆಗಳಾಗಿ ತೋರುತ್ತವೆ. ಚಳಿಗಾಲ ಕಾಲಿರಿಸಿ, ಎರಡು ಮೂರು ದಿನ ಗಾಳಿಮಳೆ ಸುರಿದು, ಆಕಾಶ ತಿಳಿಯಾದ ಒಂದು ಮುಂಜಾನೆ ನೋಟವೇ ಬದಲಾಗಿರುತ್ತದೆ. 2,628 ಮೀಟರ್ ಎತ್ತರದ ಸನ್ನೀನ್ ಶಿಖರ ಅಚ್ಚಬಿಳುಪಾಗಿ ಹೊಳೆಯುತ್ತಿರುತ್ತದೆ. ಕೆಳಗೆ ತೀರದ ತೋಟಗಳಲ್ಲಿ ಕಿತ್ತಳೆ ಮಾಗುತ್ತಿರುವಾಗಲೇ ಮೇಲೆ ವರ್ಷದ ಮೊದಲ ಹಿಮ ಬಿದ್ದಿರುತ್ತದೆ.

ಊರಿನಲ್ಲಿ ಮಳೆ ಸುರಿದಾಗ ಬೆಟ್ಟದಲ್ಲಿ ಹಿಮ ಬಿದ್ದುದು ಹೇಗೆ? ಮೇಲೇರಿದಂತೆಲ್ಲ ಗಾಳಿ ತಣ್ಣಗಾಗುತ್ತದೆ. ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಬೈರೂತಿನಲ್ಲಿ 13 ಡಿಗ್ರಿ ಇದ್ದಾಗ ಸನ್ನೀನಿನ ನೆತ್ತಿಯಲ್ಲಿ ಅದು ಸೊನ್ನೆಗಿಂತ ಸುಮಾರು 4 ಡಿಗ್ರಿ ಕೆಳಗಿರುತ್ತದೆ. ಆದುದರಿಂದ ಕಡಲಿನ ತೇವವನ್ನು ಹೊತ್ತು ಬರುವ ಮೋಡಗಳು ತೀರದಲ್ಲಿ ಮಳೆಯನ್ನೂ ಶಿಖರದಲ್ಲಿ ಹಿಮವನ್ನೂ ಸುರಿಸುತ್ತವೆ.

ಈ ಬಿಳುಪು ದೇಶದ ಹೆಸರಿನಲ್ಲಿಯೇ ನೆಲೆಸಿದೆ. 'ಲೆಬನಾನ್' ಎಂಬುದು 'ಬಿಳಿ' ಎಂಬ ಅರ್ಥದ ಪ್ರಾಚೀನ ಸೆಮಿಟಿಕ್ ಧಾತುವಿನಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಅರಬ್ಬೀ ಭಾಷೆಯಲ್ಲಿ ಹಾಲು ಮೊಸರುಗಳನ್ನು ಸೂಚಿಸುವ 'ಲಬನ್' ಎಂಬ ಪದವೂ ಇದೇ ಬಳಗದ್ದು.

ಆದರೆ ಹಿಮವು ಕೇವಲ ಕಣ್ಣಿಗೆ ಹಬ್ಬವಲ್ಲ. ಅದು ನಾಡಿನ ಜೀವಾಳ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹನಿ ಬೀಳುವುದೇ ಅಪರೂಪ. ಬೆಳೆಗೂ ಜನರಿಗೂ ನೀರು ಹೆಚ್ಚು ಬೇಕಾದ ಕಾಲವೂ ಅದೇ. ಇಳಿಜಾರಿನಲ್ಲಿ ಸುರಿದ ಮಳೆಯ ಒಂದು ಪಾಲು ಬೇಗನೆ ಹರಿದು ಸಮುದ್ರವನ್ನು ಸೇರುತ್ತದೆ. ಹಿಮವಾದರೋ ಬಿದ್ದಲ್ಲೇ ಕಾದು ಕುಳಿತಿರುತ್ತದೆ. ವಸಂತದಲ್ಲಿ ಮೆಲ್ಲಮೆಲ್ಲನೆ ಕರಗಿ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ನೆಲದೊಳಗಿನ ಗುಹೆಗಳ ಮೂಲಕ ಹರಿದು, ಕೆಳಗಿನ ಕಣಿವೆಗಳಲ್ಲಿ ಬುಗ್ಗೆಯಾಗಿ ಚಿಮ್ಮುತ್ತದೆ. ಬೈರೂತಿನ ಉತ್ತರಕ್ಕೆ ಜೈತಾ ಎಂಬ ಪ್ರಸಿದ್ಧ ಗುಹೆಯಿದೆ. ನಗರದ ಕುಡಿಯುವ ನೀರಿನ ಬಹುಭಾಗ ಅಲ್ಲಿನ ಬುಗ್ಗೆಯಿಂದಲೇ ಬರುತ್ತದೆ. ಹೀಗೆ ಬೇಸಗೆಯಲ್ಲಿ ಮನೆಯ ನಲ್ಲಿಯಿಂದ ಬೀಳುವ ನೀರಿನಲ್ಲಿ ಚಳಿಗಾಲದ ಹಿಮದ ಪಾಲೂ ಇರುತ್ತದೆ.

ಲೆಬನಾನಿನ ಧ್ವಜದ ಮೇಲೆ ಸೀಡರ್ ಮರದ ಚಿತ್ರವಿದೆ. ಅದು ನಮ್ಮ ಹಿಮಾಲಯದ ದೇವದಾರುವಿನ ಹತ್ತಿರದ ಬಂಧು. ಪರ್ವತದ ಎತ್ತರದಲ್ಲಿ ಬೆಳೆಯುವ ಈ ಮರದ ಬೀಜ ಚೆನ್ನಾಗಿ ಮೊಳೆಯಲು ಚಳಿ ಬೇಕು. ಎಳೆಯ ಸಸಿಗೆ ಕರಗುವ ಹಿಮದ ತೇವ ಬೇಕು.

ಈಗ ಈ ಕಣಜಕ್ಕೆ ಕುತ್ತು ಒದಗಿದೆ. ಭೂಮಿಯ ಉಷ್ಣತೆ ಏರಿದಂತೆ ಹಿಮ ಬೀಳುವ ಗಡಿಯೂ ಮೇಲಕ್ಕೆ ಸರಿಯುತ್ತದೆ. ಹಿಮವಾಗಬೇಕಾದುದು ಮಳೆಯಾಗಿ ಸುರಿಯುತ್ತದೆ. ಬಿದ್ದ ಹಿಮವೂ ಬೇಗ ಕರಗುತ್ತದೆ. ಆಕಾಶದಿಂದ ಬಿದ್ದ ನೀರಿನ ಮೊತ್ತ ಅಷ್ಟೇ ಇದ್ದರೂ ಬೇಸಗೆಗೆ ಉಳಿಯುವುದು ಕಡಿಮೆಯಾಗುತ್ತದೆ. ಸುಗ್ಗಿಯ ಧಾನ್ಯ ಹೇರಳವಾಗಿದ್ದರೂ ತುಂಬಿಡಲು ಕಣಜವಿಲ್ಲದ ರೈತನ ಸ್ಥಿತಿ ಅದು.

ಮೊದಲ ಹಿಮ ಕಂಡ ಮುಂಜಾನೆ ತೀರದ ಜನ ತಲೆಯೆತ್ತಿ ಬೆಟ್ಟವನ್ನು ನೋಡುತ್ತಾರೆ. ಅವರ ಕಣ್ಣಿಗೆ ಬೀಳುವುದು ಬರಿಯ ಚೆಲುವಲ್ಲ, ಮುಂಬರುವ ಬೇಸಗೆಯ ನೀರು.