ಸಕ್ಕರೆ ಅಳೆಯುವ ಯಂತ್ರವೂ ಅಂತರ್ಜಾಲದ ಕರೆಯೂ

ಮಧುಮೇಹವಿರುವ ಮನೆಯಲ್ಲಿ ಔಷಧದಷ್ಟೇ ಮುಖ್ಯವಾದದ್ದು ರಕ್ತದ ಸಕ್ಕರೆಯನ್ನು ಅಳೆಯುವ ಗ್ಲುಕೋಮೀಟರ್. ನಾಗಪುರದಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳ ಎಷ್ಟೋ ಮನೆಗಳಲ್ಲಿ ಇದು ಅಮೆರಿಕದಿಂದ ಬಂದ ಮಗನೋ ಮಗಳೋ ಪ್ರೀತಿಯಿಂದ ತಂದುಕೊಟ್ಟ ವಸ್ತು. ತಂದವರು ಮೂರು ವಾರವಿದ್ದು ಮರಳುತ್ತಾರೆ, ಯಂತ್ರ ಉಳಿಯುತ್ತದೆ. ಅದು ತಪ್ಪು ತೋರಿಸತೊಡಗಿದಾಗ ಯಾರನ್ನು ಕೇಳಬೇಕು? ಅದರ ಬೆನ್ನಿನ ಮೇಲೆ ಗ್ರಾಹಕ ಸಹಾಯದ ಸಂಖ್ಯೆ ಅಚ್ಚಾಗಿರುತ್ತದೆ, ನಿಜ. ಆದರೆ ಅದು ಅಮೆರಿಕದೊಳಗಿನವರಿಗೆಂದು ಇಟ್ಟ 1-800ರ ಶುಲ್ಕರಹಿತ ಸಂಖ್ಯೆ. ನಮ್ಮ ಮನೆಯ ದೂರವಾಣಿಯಿಂದ ಅದು ಬಹುಮಟ್ಟಿಗೆ ದೊರೆಯದು, ದೊರೆತರೂ ಶುಲ್ಕ ತಪ್ಪದು. ಈ ತೊಡಕನ್ನು ಗಣಕಯಂತ್ರದ ಮೂಲಕ ಬಿಡಿಸಿಕೊಂಡ ನಮ್ಮ ಮನೆಯ ಅನುಭವವನ್ನು ವಾಚಕರ ಮುಂದಿಡುತ್ತಿದ್ದೇನೆ.

ಅದು 2013ರ ಮೇ ತಿಂಗಳು. ಆ ತಿಂಗಳು ನಾಗಪುರದ ಉಷ್ಣತೆ 47.9 ಡಿಗ್ರಿಗೆ ಏರಿದ್ದನ್ನು ಇಲ್ಲಿಯವರು ಮರೆತಿರಲಾರರು. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ನನ್ನ ಪತ್ನಿಯ ರಕ್ತ ಪರೀಕ್ಷಿಸಿದಾಗ ಯಂತ್ರ 212 ಎಂದಿತು. ಸಂಶಯದಿಂದ ಇನ್ನೊಂದು ಬೆರಳಿನಿಂದ ನೋಡಿದರೆ 96! ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ನಗೆಯ ವಿಷಯವಲ್ಲ. 96 ನಿಜವಾಗಿದ್ದು, 212ನ್ನು ನಂಬಿ ಸೂಜಿಯಲ್ಲಿ ಔಷಧ ಹೆಚ್ಚಿಸಿದ್ದರೆ ಸಕ್ಕರೆ ಕುಸಿದು, ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದಿತ್ತು. ನಮ್ಮ ವೈದ್ಯರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವವರೆಗೆ ಆ ಯಂತ್ರವನ್ನು ನಂಬಲೇಬಾರದೆಂದರು. ಪ್ರಯೋಗಾಲಯದ ಉತ್ತರ 118.

ಯಂತ್ರದ ಕಂಪನಿಯನ್ನೇ ಕೇಳೋಣವೆಂದು ಮಗ ಅಮೆರಿಕದಿಂದ ಸೂಚಿಸಿದ. ಆಗ ಸ್ಕೈಪ್ ಎಂಬ ತಂತ್ರಾಂಶದಿಂದ ಅಮೆರಿಕದ ಶುಲ್ಕರಹಿತ ಸಂಖ್ಯೆಗಳಿಗೆ ಯಾವ ದೇಶದಿಂದಲಾದರೂ ಬಿಡಿಕಾಸಿಲ್ಲದೆ ಮಾತನಾಡಬಹುದಿತ್ತು. ಇದರಲ್ಲಿ ಒಂದು ವಿನೋದವೂ ಉಂಟು. 2002ರ ಏಪ್ರಿಲ್ 1ರಿಂದ ನಮ್ಮ ಸರಕಾರ ಅಂತರ್ಜಾಲದ ದೂರವಾಣಿಗೆ ಅನುಮತಿ ಕೊಟ್ಟಾಗ, ಭಾರತದ ಗಣಕಯಂತ್ರದಿಂದ ಹೊರದೇಶದ ದೂರವಾಣಿಗೆ ಮಾತನಾಡಬಹುದು, ಭಾರತದೊಳಗಿನ ದೂರವಾಣಿಗೆ ಕೂಡದು ಎಂಬ ನಿಯಮವಿತ್ತು. ಚಿಕಾಗೋ ದೊರೆಯಬಹುದು, ಧಾರವಾಡ ಕೂಡದು! ದೇಶದೊಳಗಿನ ಇಂತಹ ಕರೆಗಳ ದಾರಿ ಪರವಾನಗಿ ಪಡೆದ ಕಂಪನಿಗಳಿಗೆ ಸ್ಪಷ್ಟವಾಗಿ ತೆರೆದದ್ದು 2018ರಲ್ಲಿ.

ತಂತ್ರಾಂಶವನ್ನು ಇಳಿಸಿಕೊಂಡು ಹೆಸರು, ಗುಪ್ತಪದ ಕೊಡುವುದು ಹತ್ತು ನಿಮಿಷದ ಕೆಲಸ. ತೊಡಕಿದ್ದದ್ದು ಧ್ವನಿಯಲ್ಲಿ. ಸೀತಾಬರ್ಡಿಯಿಂದ ಮೈಕು ಸೇರಿದ ಹೆಡ್‌ಫೋನ್ ತಂದು ಜೋಡಿಸಿದೆ. ತಂತ್ರಾಂಶದಲ್ಲಿ ಪರೀಕ್ಷಾ ಕರೆಯೊಂದಿತ್ತು. ನಾವು ಆಡಿದ್ದನ್ನು ಅದು ಮರಳಿ ಕೇಳಿಸಬೇಕು. ನನಗೆ ಕೇಳಿಸಿದ್ದು ಮೌನ. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿದದ್ದು: ಗುಲಾಬಿ ಬಣ್ಣದ ರಂಧ್ರಕ್ಕೆ ಹೋಗಬೇಕಾದ ಮೈಕಿನ ತಂತಿಯನ್ನು ಹಸಿರಿಗೂ, ಹಸಿರಿನದನ್ನು ಗುಲಾಬಿಗೂ ಸಿಕ್ಕಿಸಿದ್ದೆ.

ಅಮೆರಿಕದ ಪೂರ್ವತೀರ ಬೇಸಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಗಿನ ಒಂಬತ್ತಾದಾಗ ಇಲ್ಲಿ ಸಂಜೆ ಆರೂವರೆ, ನಿದ್ದೆಗೆಡದೆ ಮಾತನಾಡಬಹುದು. ಸಂಖ್ಯೆ ಒತ್ತಿದೊಡನೆ ಧ್ವನಿಮುದ್ರಿತ ಕಂಠ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎಂದಿತು. ನಾನು ಕೀಲಿಮಣೆಯ ಅಂಕಿಗಳನ್ನು ಒತ್ತುತ್ತ ಕುಳಿತೆ, ಫಲವಿಲ್ಲ. ಪರದೆಯ ಮೇಲೆ ಅಂಕಿಗಳ ಫಲಕವನ್ನು ತೆರೆದು ಅದರಲ್ಲಿ ಒತ್ತಿದಾಗ ಮಾತ್ರ ಕರೆ ಮುಂದೆ ಸಾಗಿತು.

ಕೊನೆಗೊಬ್ಬ ಮಹಿಳೆ ಮಾತಿಗೆ ಬಂದರು. ಆಕೆಯ ಮೊದಲ ಪ್ರಶ್ನೆ, ನೀವು ವಿಮಾನ ನಿಲ್ದಾಣದಲ್ಲಿದ್ದೀರಾ ಎಂದು. ಅದು ನಮ್ಮ ಕೂಲರಿನ ಗರ್ಜನೆ! ಅದನ್ನು ಆರಿಸಿ, ಆ ಧಗೆಯಲ್ಲಿ ಬೆವರೊರೆಸುತ್ತ ಮಾತು ಮುಂದುವರಿಸಿದೆ. ಯಂತ್ರದ ಕ್ರಮಸಂಖ್ಯೆಯನ್ನು ಓದಿ ಹೇಳುವಾಗ 'ಎಸ್' ಆಕೆಗೆ 'ಎಫ್' ಎಂದು ಕೇಳಿಸುತ್ತಿತ್ತು, ಆಕೆಯದು ನನಗೂ ಹಾಗೆಯೇ. ಇದಕ್ಕೆ ಕಾರಣವುಂಟು. ಸಾಮಾನ್ಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸ, ಶ, ಫಗಳ ಗುರುತು ಬಹುಪಾಲು ಅದರಾಚೆ ಇದೆ. ಮುಪ್ಪಿನಲ್ಲಿ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಎತ್ತರದ ಸ್ವರಗಳನ್ನೇ. ಎರಡೂ ತುದಿಗಳಲ್ಲಿ ಅಂತರ್ಜಾಲದ ತಂತ್ರಾಂಶವೇ ಇದ್ದರೆ ಧ್ವನಿ ಹೆಚ್ಚು ವಿಶಾಲವಾಗಿ ಬರುತ್ತದೆ; ಮೊಮ್ಮಕ್ಕಳ ಮಾತು ಅದರಲ್ಲಿ ಸ್ಪಷ್ಟವಾಗುವುದು ಇದರಿಂದ. ಒಂದು ತುದಿ ಹಳೆಯ ದೂರವಾಣಿಯಾದರೆ ಆ ಲಾಭವಿಲ್ಲ. ಆದುದರಿಂದ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುವುದು, ಅಕ್ಷರಕ್ಕೊಂದು ಊರಿನ ಹೆಸರು ಹೇಳುವುದು ಲೇಸು.

ಆಕೆ ಕೇಳಿದ ಮೂರು ಪ್ರಶ್ನೆಗಳು ನಮ್ಮ ಕಣ್ಣು ತೆರೆಸಿದವು. ಪರೀಕ್ಷಿಸಿದಾಗ ಕೋಣೆಯ ಉಷ್ಣತೆ ಎಷ್ಟಿತ್ತು? ಆ ಮಧ್ಯಾಹ್ನ ವಿದ್ಯುತ್ ಹೋಗಿ ಗೋಡೆಯ ಉಷ್ಣಮಾಪಕ 42 ಡಿಗ್ರಿ ತೋರಿಸುತ್ತಿತ್ತು. ಯಂತ್ರದ ಮಿತಿ 40. ಸ್ಟ್ರಿಪ್‌ಗಳ ಡಬ್ಬಿ ಎಲ್ಲಿತ್ತು? ಕೂಲರಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ, ಮುಚ್ಚಳ ಸಡಿಲವಾಗಿ. 30 ಡಿಗ್ರಿಗಿಂತ ಕೆಳಗೆ, ತೇವ ತಾಗದಂತೆ ಇಡಬೇಕೆಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಬಿಸಿಲು ಹೊರಗಿನಿಂದ, ಲಾವಂಚದ ತಟ್ಟಿಯ ತೇವ ಒಳಗಿನಿಂದ. ಮೂರನೆಯದು, ಬೆರಳು ತೊಳೆದಿದ್ದಿರಾ ಎಂದು. ಅಡಿಗೆಮನೆಯಿಂದ ನನ್ನ ಪತ್ನಿ ಕೂಗಿ ಹೇಳಿದಳು: "ರೀ, ಪಕ್ಕದ ಮನೆ ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟಿದ್ದೆ, ಅದನ್ನೂ ಹೇಳಿ." ಹಣ್ಣಿನ ರಸ ಬೆರಳಿಗೆ ಅಂಟಿದ್ದರೆ ರಕ್ತದ ಹನಿಯೊಡನೆ ಆ ಸಕ್ಕರೆಯೂ ಸೇರಿ ಅಂಕಿ ಸುಳ್ಳಾಗಿ ಏರುತ್ತದೆ. ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಂಡೇ ಚುಚ್ಚಬೇಕು. ಮೂರರಲ್ಲಿ ಯಾವುದು ಎಷ್ಟು ಕೆಡಿಸಿತೆಂದು ಆಕೆಯೂ ಹೇಳಲಿಲ್ಲ. ಆ ಡಬ್ಬಿಯನ್ನು ಎಸೆಯಿರಿ ಎಂದರು. ಅದೇ ಸ್ಟ್ರಿಪ್ ನಾಗಪುರದ ಅಂಗಡಿಗಳಲ್ಲಿ ನಮಗೆ ಸಿಗಲಿಲ್ಲ. ಹೀಗಾಗಿ ಇಲ್ಲಿಯೇ ಸ್ಟ್ರಿಪ್ ದೊರೆಯುವ, ಇಲ್ಲಿಯ ಸಹಾಯ ಸಂಖ್ಯೆಯಿರುವ ಬೇರೆ ಯಂತ್ರ ಕೊಂಡೆವು. ಮಕ್ಕಳಿಂದ ತರಿಸುವವರು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಸ್ಕೈಪ್ 2025ರ ಮೇ 5ರಂದು ಮುಚ್ಚಿಹೋಯಿತು. ಈಗ ಅನೇಕ ಕಂಪನಿಗಳು ವಾಟ್ಸ್‌ಆ್ಯಪ್ ಮೂಲಕವೇ ದೂರು ಕೇಳುತ್ತವೆ. ಆದರೆ ಸಂಖ್ಯೆಯನ್ನು ಯಂತ್ರದ ಬೆನ್ನಿನಿಂದಲೋ ಅದರೊಡನೆ ಬಂದ ಕೈಪಿಡಿಯಿಂದಲೋ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಮೊದಲ ಸಂಖ್ಯೆ ವಂಚಕರದ್ದಿರಬಹುದು. ಪರದೆಯನ್ನು ತಮಗೆ ತೋರಿಸುವ ತಂತ್ರಾಂಶ ಹಾಕಿಕೊಳ್ಳಿರೆಂದರೆ ಕರೆ ಮುರಿಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ಜೀವದ ಆಪತ್ತಿನಲ್ಲಂತೂ ಇಂತಹ ತಂತ್ರಾಂಶವನ್ನು ನಂಬದೆ ಸಾಮಾನ್ಯ ದೂರವಾಣಿಯಿಂದ 108 ಅಥವಾ 112ನ್ನು ಕರೆಯಬೇಕು.

ನಮ್ಮ ಮನೆಯಲ್ಲಿ ಸ್ಟ್ರಿಪ್ ಡಬ್ಬಿ ಈಗ ಒಳಕೋಣೆಯ ಕಪಾಟಿನಲ್ಲಿ ಬಿಗಿಯಾದ ಮುಚ್ಚಳದೊಡನೆ ಇರುತ್ತದೆ. ಸಂಜೆ ಮಗನ ಕರೆ ಬಂದಾಗ ಮೊದಲು ಕೂಲರ್ ಆರಿಸುವುದು ನನ್ನ ಕೆಲಸ.