ಹೊಗೆಯ ತೂಕ, ತೆರಿಗೆಯ ತೂಕ

ಒಂದು ಲೀಟರು ಶುದ್ಧ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದರಲ್ಲಿ ನೂರಕ್ಕೆ 86 ಪಾಲು ಇಂಗಾಲ, ಎಂದರೆ 636 ಗ್ರಾಂ. ಉರಿಯುವಾಗ 12 ಗ್ರಾಂ ಇಂಗಾಲವು ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆದ್ದರಿಂದ ಮುಕ್ಕಾಲು ಕಿಲೋಗ್ರಾಂ ಕೂಡ ತೂಗದ ಪೆಟ್ರೋಲಿನಿಂದ ಹೊರಬೀಳುವ ಅನಿಲ 2.3 ಕಿಲೋಗ್ರಾಂ! ತರಗತಿಯಲ್ಲಿ ಇದನ್ನು ಹೇಳಿದಾಗ ಥಟ್ಟನೆ ನಂಬುವವರು ಕಡಿಮೆ. ಗಾಳಿಗೂ ತೂಕವುಂಟೆಂಬುದು ಮರೆತುಹೋಗಿರುತ್ತದೆ. (ಈಗ ಬಂಕುಗಳಲ್ಲಿ ಎಥನಾಲ್ ಬೆರೆಸಿ ಮಾರುವುದರಿಂದ ಈ ಅಂಕಿ ತುಸು ತಗ್ಗುತ್ತದೆ.)

ಈ ಅನಿಲದಿಂದ ಭೂಮಿಯ ಶಾಖ ಏರುವುದು ಒಂದು ನಷ್ಟ. ಜೊತೆಗೆ ಬರುವ ನೈಟ್ರೋಜನ್ ಆಕ್ಸೈಡುಗಳಿಂದಲೂ ಮಸಿಯ ಕಣಗಳಿಂದಲೂ ಶ್ವಾಸಕೋಶಕ್ಕಾಗುವ ಹಾನಿ ಇನ್ನೊಂದು. ಇವನ್ನು ಬಂಕಿನಲ್ಲಿ ಹಣ ತೆತ್ತವನೊಬ್ಬನೇ ಭರಿಸುವುದಿಲ್ಲ, ಮೈಸೂರಿನ ಕೆ. ಆರ್. ವೃತ್ತದ ಬದಿಯಲ್ಲಿ ಹೂ ಮಾರುವವಳೂ ಭರಿಸುತ್ತಾಳೆ. ಇಂಥ ನಷ್ಟವನ್ನು ತೆರಿಗೆಯ ಮೂಲಕ ವಸ್ತುವಿನ ಬೆಲೆಯೊಳಕ್ಕೇ ತರಬೇಕೆಂಬ ವಿಚಾರವನ್ನು ಕೇಂಬ್ರಿಜಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಮಂಡಿಸಿದನು. ಸ್ವೀಡನ್ ದೇಶ 1991ರಲ್ಲಿ ಇಂಗಾಲದ ಮೇಲೆಯೇ ತೆರಿಗೆ ಹಾಕಿತು.

ನಮ್ಮಲ್ಲಿ ತೆರಿಗೆಯಿಲ್ಲವೆ? ಧಾರಾಳವಾಗಿ ಉಂಟು. ಕೇಂದ್ರದ ಸುಂಕ ಲೀಟರಿಗೆ ಇಷ್ಟೆಂದು ನಿಗದಿಯಾದುದು. ಕರ್ನಾಟಕದ ಮಾರಾಟ ತೆರಿಗೆಯಾದರೋ ಬೆಲೆಯ ಶೇಕಡಾವಾರು. 2024ರ ಜೂನ್‌ನಲ್ಲಿ ಅದು ಪೆಟ್ರೋಲಿಗೆ 25.92ರಿಂದ 29.84ಕ್ಕೂ ಡೀಸೆಲ್ಲಿಗೆ 14.34ರಿಂದ 18.44ಕ್ಕೂ ಏರಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್ಲಿನದು 21.17 ಆಯಿತು. ತೊಡಕಿರುವುದು ಇಲ್ಲಿಯೇ. ಕಚ್ಚಾ ತೈಲದ ಬೆಲೆ ಹೆಚ್ಚಿದರೆ ಶೇಕಡಾವಾರು ತೆರಿಗೆಯ ಮೊತ್ತವೂ ಹೆಚ್ಚುತ್ತದೆ. ಲೀಟರೊಂದರ ಹೊಗೆ ಮಾತ್ರ ಇದ್ದಷ್ಟೇ ಇರುತ್ತದೆ. ಹೀಗೆ ಬಂದ ಹಣ ಸೇರುವುದೂ ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ.

ಡೀಸೆಲ್ಲಿನ ವಿಷಯ ಇನ್ನೂ ವಿಚಿತ್ರವಾದುದು. ಅದು ಲೀಟರಿಗೆ 2.7 ಕಿಲೋಗ್ರಾಂ ಡೈಆಕ್ಸೈಡನ್ನು ಕೊಡುತ್ತದೆ, ಹಳೆಯ ಎಂಜಿನ್ನಾದರೆ ಮಸಿಯೂ ಹೆಚ್ಚು. ಆದರೂ ಮೇಲಿನ ದರಗಳಲ್ಲಿ ಕಡಿಮೆಯದು ಅದರದೇ. ಬಸ್ಸು, ತರಕಾರಿ ಲಾರಿ, ರೈತನ ಟ್ರಾಕ್ಟರು ಅದರಿಂದಲೇ ಓಡಬೇಕಾಗಿರುವುದರಿಂದ ಈ ರಿಯಾಯಿತಿಯನ್ನು ಸುಮ್ಮನೆ ಹಳಿಯಲಾಗದು. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 4 ಕಿಲೋಮೀಟರು ಓಡುವ ಬಸ್ಸಿನಲ್ಲಿ 40 ಜನರಿದ್ದರೆ ತಲೆಗೆ, ಕಿಲೋಮೀಟರಿಗೆ 17 ಗ್ರಾಂ. ಲೀಟರಿಗೆ 45 ಕಿಲೋಮೀಟರು ಕೊಡುವ ಸ್ಕೂಟರಿನ ಒಂಟಿ ಸವಾರನಿಗೆ 51 ಗ್ರಾಂ. ಲೀಟರಿಗೆ 15 ಓಡುವ ಡೀಸೆಲ್ ಕಾರಿನಲ್ಲಿ ಒಬ್ಬನೇ ಕುಳಿತವನ ಪಾಲಿಗೆ 180 ಗ್ರಾಂ! ಬಸ್ಸಿಗೆಂದು ಕೊಟ್ಟ ರಿಯಾಯಿತಿ ಇವನಿಗೂ ಸಲ್ಲುತ್ತಿದೆ. ತೆರಿಗೆಯನ್ನು ಹೊಗೆಯ ತೂಕಕ್ಕೆ ಕಟ್ಟಿ, ಅದರ ಒಂದು ಪಾಲನ್ನು ಬಸ್ಸಿಗೂ, 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲಿನಂಥ ಏರ್ಪಾಟುಗಳಿಗೂ ಹಿಂದಿರುಗಿಸುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಬಸ್ಸೇ ಬಾರದ ಹಳ್ಳಿಯಿಂದ ಮೊಪೆಡ್ಡಿನಲ್ಲಿ ಹಾಲು ತರುವವನಿಗೆ ಮಾತ್ರ ಈ ನ್ಯಾಯ ಅಷ್ಟು ಸುಲಭವಾಗಿ ಒಪ್ಪಿಗೆಯಾಗದು.