ಐದು ವರ್ಷ ತುಂಬಿದ ಮೇಲೆ ಮಗು ಅಪ್ಪನಿಗೆ ಸೇರುತ್ತದೆಯೇ?

"ಐದು ವರ್ಷದವರೆಗೆ ಮಗು ತಾಯಿಗೆ, ಆಮೇಲೆ ತಂದೆಗೆ. ಕಾನೂನೇ ಹಾಗಿದೆ." ಗಂಡ ಹೆಂಡತಿ ಬೇರೆಯಾದ ಮನೆಗಳಲ್ಲಿ ರಾಜಿ ಮಾತಿಗೆ ಕೂತ ಹಿರಿಯರು ಹೇಳುವ ಮಾತಿದು, ಓದಿದವರೂ ಹೇಳುತ್ತಾರೆ. ಇದನ್ನು ನಂಬಿದ ತಾಯಿ ಮಗುವಿನ ಐದನೇ ಹುಟ್ಟುಹಬ್ಬಕ್ಕೆ ಹೆದರುತ್ತಾಳೆ. ನಂಬಿದ ತಂದೆ ಅಲ್ಲಿಯವರೆಗೆ ಸುಮ್ಮನಿದ್ದರಾಯಿತು ಅಂದುಕೊಳ್ಳುತ್ತಾನೆ. ಇಬ್ಬರ ಲೆಕ್ಕವೂ ತಪ್ಪು.

ಐದರ ಸಂಖ್ಯೆ ಬಂದದ್ದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್‌ನಿಂದ. ಐದು ವರ್ಷ ತುಂಬದ ಮಗು 'ಸಾಮಾನ್ಯವಾಗಿ' ತಾಯಿಯ ಬಳಿ ಇರಬೇಕು ಎಂದಷ್ಟೇ ಅದು ಹೇಳುತ್ತದೆ. ಐದು ತುಂಬಿದ ಮರುದಿನ ಮಗುವನ್ನು ತಂದೆಗೆ ಒಪ್ಪಿಸಬೇಕು ಎಂದು ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮಗುವಿನ ಹಿತ.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. 6ನೇ ಸೆಕ್ಷನ್ ತಂದೆಯನ್ನು ಸ್ವಾಭಾವಿಕ ಪೋಷಕ ಎಂದು ಹೆಸರಿಸಿ, 'ಅವನ ನಂತರ' ತಾಯಿ ಎನ್ನುತ್ತದೆ. ಪೋಷಕತ್ವ ಬೇರೆ, ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದು ಬೇರೆ. ಮೊದಲನೆಯದು ಮಗುವಿನ ಪರವಾಗಿ ಸಹಿ ಹಾಕುವ, ಆಸ್ತಿ ನೋಡಿಕೊಳ್ಳುವ ಅಧಿಕಾರದ ವಿಷಯ. ಅದರಲ್ಲೂ 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದೇ ಅಲ್ಲ, ತಂದೆ ಆ ಹೊಣೆ ಹೊರದೆ ಇರುವಾಗಲೂ ತಾಯಿಯೇ ಪೋಷಕಿ ಎಂದು ಅರ್ಥ ಬಿಡಿಸಿತು. (ಬೇರೆ ಧರ್ಮದವರಿಗೆ ವೈಯಕ್ತಿಕ ಕಾನೂನು ಬೇರೆ. ಆದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ, ಅಲ್ಲೂ ಮುಖ್ಯವಾದದ್ದು ಮಗುವಿನ ಹಿತವೇ.)

ಹಿತ ಎಂದರೆ ಏನು? ಒಂದು ಕಲ್ಪಿತ ಸಂಸಾರ ಇಟ್ಟುಕೊಳ್ಳೋಣ. ಅಪ್ಪ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಮ್ಮ ಮಗಳನ್ನು ಕರೆದುಕೊಂಡು ಪೆರೇಸಂದ್ರದ ತವರಿಗೆ ಬಂದು ಎರಡು ವರ್ಷವಾಗಿದೆ. ಮಗಳಿಗೆ ಎಂಟು ವರ್ಷ, ಅಲ್ಲೇ ಶಾಲೆಗೆ ಹೋಗುತ್ತಾಳೆ. 1890ರ ಕಾಯ್ದೆಯಡಿ ಅರ್ಜಿ ಹಾಕುವುದಾದರೆ ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿಗೆ ಹೋಗಬೇಕು, ಅಂದರೆ ಅಪ್ಪನೇ ಚಿಕ್ಕಬಳ್ಳಾಪುರಕ್ಕೆ ಬರಬೇಕು. ಅಪ್ಪನ ಸಂಬಳ ದೊಡ್ಡದು ಎಂಬ ಒಂದೇ ಕಾರಣಕ್ಕೆ ಮಗು ಅವನ ಬಳಿ ಹೋಗುವುದಿಲ್ಲ. ದುಡ್ಡಿನ ಕೊರತೆಯನ್ನು ಜೀವನಾಂಶದಿಂದ ತುಂಬಬಹುದು. ಮಗುವನ್ನು ದಿನವೂ ನೋಡಿಕೊಳ್ಳುವವರು ಯಾರು, ಶಾಲೆ ಕೆಡುತ್ತದೆಯೇ, ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಇವನ್ನೆಲ್ಲ ನ್ಯಾಯಾಧೀಶರು ನೋಡುತ್ತಾರೆ. ತಿಳಿದು ಹೇಳುವ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು. ಸಾಮಾನ್ಯವಾಗಿ ತಮ್ಮ ಕೊಠಡಿಗೇ ಕರೆಸಿ ಮಾತಾಡಿಸುತ್ತಾರೆ. ಆದರೆ ಮಗು ಹೇಳಿದ್ದೇ ತೀರ್ಪಲ್ಲ, ಹೇಳಿಕೊಟ್ಟ ಮಾತು ಎಷ್ಟೋ ಸಲ ಅಲ್ಲಿ ಗೊತ್ತಾಗಿಬಿಡುತ್ತದೆ.

'ತಾಯಿಗೆ ಗೆಲುವು', 'ತಂದೆಗೆ ಸೋಲು' ಎಂದು ಕಬಡ್ಡಿ ಪಂದ್ಯದ ಫಲಿತಾಂಶದಂತೆ ತಲೆಬರಹ ಕೊಡುವುದು ನಮ್ಮ ಮಾಧ್ಯಮಗಳ ಅಭ್ಯಾಸ. ತೀರ್ಪುಗಳನ್ನು ಓದಿದರೆ ಅವು ಹಾಗಿರುವುದಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟಿನ ದ್ವಿಸದಸ್ಯ ಪೀಠ ಒಂದು ಮಗುವಿನ ವಿಷಯದಲ್ಲಿ ಕೊಟ್ಟ ಆದೇಶ ನೋಡಿ: ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಮಗು ಒಬ್ಬರ ಮನೆಯಲ್ಲಿದ್ದಾಗ ಶನಿವಾರ, ಭಾನುವಾರ ಇನ್ನೊಬ್ಬರು ಭೇಟಿಯಾಗಬಹುದು, ಫೋನ್ ಅಥವಾ ವಿಡಿಯೊದಲ್ಲಿ ಮಾತಾಡಬಹುದು. ಓದಿನ ಖರ್ಚು ಇಬ್ಬರಿಗೂ ಸಮಪಾಲು. ಜಂಟಿ ಪಾಲನೆಯ ಬಗ್ಗೆ ಕಾನೂನು ಆಯೋಗ 2015ರಲ್ಲಿ ಕೊಟ್ಟ 257ನೇ ವರದಿಯಲ್ಲಿ ಈ ತೀರ್ಪಿನ ಪ್ರಸ್ತಾಪವಿದೆ.

ಇದನ್ನೇ ಎಲ್ಲರಿಗೂ ಅನ್ವಯಿಸಬಹುದೇ? ನನಗೆ ಅನುಮಾನ. ನಮ್ಮ ಪೆರೇಸಂದ್ರದ ಹುಡುಗಿಯನ್ನೇ ತೆಗೆದುಕೊಳ್ಳಿ. ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆ ಊರು ಬದಲು, ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಬದಲು. ಅರ್ಧ ವರ್ಷದ ಹಂಚಿಕೆ ನಡೆಯುವುದು ಎರಡೂ ಮನೆಯಿಂದ ಒಂದೇ ಶಾಲೆಗೆ ಹೋಗಲು ಸಾಧ್ಯವಾದಾಗ. ಅವಳಿಗೆ ವಾರಾಂತ್ಯ ಮತ್ತು ಬೇಸಿಗೆ ರಜೆಯ ಒಂದು ಭಾಗ ಅಪ್ಪನ ಜೊತೆ, ದಿನವೂ ಒಂದು ಫೋನ್, ಇದೇ ಹೊಂದಬಹುದು. ಮಗುವಿನಿಂದ ದೂರ ಇರುವ ಪೋಷಕರಿಗೆ, ವಿಶೇಷ ಕಾರಣ ಇಲ್ಲದಿದ್ದರೆ, ದಿನಕ್ಕೆ ಐದು-ಹತ್ತು ನಿಮಿಷವಾದರೂ ಮಾತಾಡಲು ಅವಕಾಶ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಎರಡು ಮನೆಯ ಓಡಾಟದಿಂದ ಮಗುವಿನ ಮನಸ್ಸು ಕೆಡುವುದಿಲ್ಲವೇ? ಸ್ವೀಡನ್‌ನಲ್ಲಿ 12 ಮತ್ತು 15 ವರ್ಷದ ಸುಮಾರು ಒಂದೂವರೆ ಲಕ್ಷ ಮಕ್ಕಳ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಿದ್ದೆ ಬಾರದಿರುವುದು, ತಲೆನೋವು, ಬೇಸರದಂಥ ತೊಂದರೆ ಅತಿ ಕಡಿಮೆ ಇದ್ದದ್ದು ಅಪ್ಪ ಅಮ್ಮ ಒಟ್ಟಿಗಿದ್ದ ಮಕ್ಕಳಲ್ಲಿ. ಆದರೆ ಬೇರೆಯಾದವರ ಮಕ್ಕಳಲ್ಲಿ, ಒಬ್ಬರ ಬಳಿ ಮಾತ್ರ ಇದ್ದವರಿಗಿಂತ ಎರಡೂ ಮನೆಯಲ್ಲಿ ಬೆಳೆದವರಿಗೆ ತೊಂದರೆ ಕಡಿಮೆ ಇತ್ತು. ಇಲ್ಲಿ ಎಚ್ಚರ ಬೇಕು: ಜಗಳ ಕಡಿಮೆ ಇರುವವರೇ ಹೀಗೆ ಹಂಚಿಕೊಳ್ಳಲು ಒಪ್ಪಿರಬಹುದು. ಹಿಂಸೆ ಇದ್ದ ಮನೆಗೆ ಈ ಲೆಕ್ಕವನ್ನು ಹೇರುವಂತಿಲ್ಲ.

ಇನ್ನೆರಡು ಮಾತು. ಜೀವನಾಂಶ ಬಂದಿಲ್ಲವೆಂದು ಕೋರ್ಟ್ ಆದೇಶಿಸಿದ ಭೇಟಿಯನ್ನು ನೀವೇ ನಿಲ್ಲಿಸುವಂತಿಲ್ಲ, ಭೇಟಿ ಮಾಡಿಸಲಿಲ್ಲವೆಂದು ಜೀವನಾಂಶವನ್ನೂ ನಿಲ್ಲಿಸುವಂತಿಲ್ಲ. ಎರಡಕ್ಕೂ ಕೋರ್ಟಿಗೇ ಹೋಗಬೇಕು. ಮತ್ತೆ, ಇಂಥ ಆದೇಶ ಕೊನೆಯದಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ತಿದ್ದುಪಡಿ ಕೇಳಬಹುದು ಎಂಬುದು 1973ರಿಂದಲೂ ಸುಪ್ರೀಂ ಕೋರ್ಟಿನ ನಿಲುವು.

ವಕೀಲರಿಗೆ ದುಡ್ಡಿಲ್ಲವೆಂದು ಊರಿನ ರಾಜಿಗೆ ತಲೆಯಾಡಿಸುವ ಮುನ್ನ ಇದನ್ನೂ ತಿಳಿದಿರಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಮತ್ತು ಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, 15100ಕ್ಕೆ ಫೋನ್ ಕೂಡ ಮಾಡಬಹುದು.